ಹಬ್ಬ ಅವರದು, ನಾಟಿ ನಮ್ಮದು

2024ರ ಆಗಸ್ಟ್ 11, ಭಾನುವಾರ, ಬೆಳಗ್ಗೆ ಏಳೂ ನಲವತ್ತು. ಬೈರಾಪಟ್ಟಣದ ಯೋಗಾನಂದ ಮೇಷ್ಟ್ರು ತಮ್ಮ ಗದ್ದೆಯ ಬದುವಿನ ಮೇಲೆ ನಿಂತು, ಇಪ್ಪತ್ತು ಸೆಂಟಿಮೀಟರಿಗೊಂದು ಗಂಟು ಹಾಕಿದ ಹಗ್ಗವನ್ನು ಮೂರನೆಯ ಸಲ ಅಳೆದು ನೋಡಿದರು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಅವರಿಗೆ ಇದ್ದದ್ದು ಇಪ್ಪತ್ತು ಗುಂಟೆ ಗದ್ದೆ. ಪೈರಿಗೆ ಮೂವತ್ತು ದಿನ ತುಂಬಿತ್ತು. ಇವತ್ತು ನೆಡದಿದ್ದರೆ ಕೆಟ್ಟಿತು. ಆಳು ಸಿಗಬೇಕಾದರೆ ಕೆಂಗಲ್ ಹನುಮಂತನೇ ಕಣ್ಣು ಬಿಡಬೇಕು. ಅಂಥ ಹೊತ್ತಿನಲ್ಲಿ, ಬಿಡದಿ ಕಡೆಯ ಜಪಾನಿ ಕುಟುಂಬಗಳು ತಮ್ಮ ನಾಡಿನ ನಾಟಿ ಹಬ್ಬಕ್ಕೆ ಗದ್ದೆ ಹುಡುಕುತ್ತಿವೆಯೆಂದು ಕೇಳಿ, "ನಮ್ಮದರಲ್ಲೇ ಮಾಡಿ" ಎಂದುಬಿಟ್ಟಿದ್ದರು. ಆ ಹಬ್ಬವೆಂದರೆ ಡೋಲು ಬಾರಿಸುವುದು, ಹಾಡುವುದು, ಆ ಲಯಕ್ಕೆ ಹೆಂಗಸರು ಪೈರು ನೆಡುವುದು. ಹಬ್ಬ ಅವರಿಗೆ, ನಾಟಿ ತಮಗೆ! ಜಪಾನಿನವರನ್ನು ನೋಡುವ ಆಸೆಗೆ ಊರಿನ ಸಿದ್ದಮ್ಮನೂ ತನ್ನ ಹನ್ನೆರಡು ಹೆಂಗಸರ ತಂಡ ಕಟ್ಟಿಕೊಂಡು ಬಂದಿದ್ದಳು.

"ಮೇಷ್ಟ್ರೇ, ಅದ್ಯಾಕೆ ಹಗ್ಗ? ಹಸ ಕಟ್ಟಕ್ಕಾ?"

"ಸಾಲು ನೆಟ್ಟಗೆ ಬರಕ್ಕೆ ಕಣಮ್ಮ. ಹೊರಗಿನೋರ ಮುಂದೆ ಊರ ಮಾನ ಉಳೀಬೇಕು."

"ನಮ್ ಕೈ ಇರೋವಾಗ ಊರ ಮಾನ ತಕ್ಕೊಂಡೋಗಿ ಹಗ್ಗಕ್ಕೆ ನೇತಾಕ್ಬುಟ್ರಾ?" ತಂಡವೆಲ್ಲ ಕಿಸಕ್ಕೆಂದಿತು.

ಒಂದು ಸಾಲು ಮೇಷ್ಟ್ರ ಹಗ್ಗ ನೋಡಿ ನೆಡುವುದು, ಪಕ್ಕದ್ದು ಹಗ್ಗವಿಲ್ಲದೆ ಸಿದ್ದಮ್ಮ ನೆಡುವುದು ಎಂದು ಪಂದ್ಯವಾಯಿತು. ಹಗ್ಗದ ಇನ್ನೊಂದು ತುದಿ ಹಿಡಿದವನು ಪಕ್ಕದ ಗದ್ದೆಯ ಕೃಷ್ಣಪ್ಪ, ಮೇಷ್ಟ್ರ ಬಾಲ್ಯದ ಗೆಣೆಕಾರ. ಜಪಾನಿನವರ ಡೋಲು ಶುರುವಾಯಿತು. ಕೃಷ್ಣಪ್ಪ ಕುಣಿದ, ಹಗ್ಗವೂ ಕುಣಿಯಿತು.

"ಲೇ, ನೆಟ್ಟಗೆ ನಿಂತ್ಕಳ್ಳಲಾ!"

"ನಾನ್ ನಿಂತೇ ಇವ್ನಿ ಕಣ್ಲಾ, ಕಾಲು ನಿಲ್ತಾ ಇಲ್ಲ!"

ಬೈಯಲು ಮುಂದಡಿಯಿಟ್ಟ ಮೇಷ್ಟ್ರು ಜಾರಿ, ಕೆರೆಗಿಳಿದ ಎಮ್ಮೆಯಂತೆ ಕೆಸರಿನಲ್ಲಿ ಕುಳಿತರು. ಅವರ ಸಾಲು ಕಳ್ಳು ಕುಡಿದ ಕೇರೆಹಾವಿನಂತೆ ಹರಿದಿತ್ತು.

ಹಬ್ಬದ ಹಿರಿಯಳಾದ ಹರುಕೋ ಎಂಬ ಎಪ್ಪತ್ತರ ಅಜ್ಜಿ ಟೇಪು ಹಿಡಿದು ಸಿದ್ದಮ್ಮನ ಸಾಲು ಅಳೆದಳು. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಕೊನೆಯ ಪೈರಿನವರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಅಜ್ಜಿ ಟೇಪು ಮಡಚಿಟ್ಟು, ಆ ಕೆಸರಿನಲ್ಲೇ ಸೊಂಟ ಬಗ್ಗಿಸಿ ಸಿದ್ದಮ್ಮನಿಗೆ ನಮಸ್ಕರಿಸಿದಳು.

ಮೇಷ್ಟ್ರಿಗೆ ಸೋತದ್ದೂ ಮರೆತುಹೋಯಿತು. ಎದೆ ಕಣಜದಂತೆ ಉಬ್ಬಿತು. ಜಪಾನಿ ಭಾಷೆ ಕಲಿತಿದ್ದ ಊರಿನ ಹುಡುಗಿ ದಿವ್ಯಳನ್ನು ಕೂಗಿದರು.

"ಹೇಳಮ್ಮ ಅವ್ರಿಗೆ! ಇದು ನಮ್ಮೂರ ಕೈ! ಇವರನ್ನ ಯಾವ ಗದ್ದೆಗೆ ಬೇಕಾದ್ರೂ ಕರ್ಕೊಂಡೋಗಿ ಇಳಿಸ್ಲಿ, ಇದೇ ಸಾಲು ಬತ್ತದೆ!"

ದಿವ್ಯ ಒಂದಕ್ಷರ ಬಿಡದೆ ಹೇಳಿದಳು. ಅಜ್ಜಿಯ ಮುಖ ಅರಳಿತು. ಮೇಷ್ಟ್ರಿಗೂ ಮೂರು ಸಲ ಬಗ್ಗಿ ನಮಸ್ಕರಿಸಿ ಏನೋ ಹೇಳಿದಳು. ದಿವ್ಯ ಮೆಲ್ಲಗೆ ಕನ್ನಡಕ್ಕೆ ತಿರುಗಿಸಿದಳು.

"ಸಾರ್, ಬಿಡದೀಲೂ ಈಗ ಇನ್ನೊಂದು ಗದ್ದೆ ಸಿಕ್ಕೈತಂತೆ. ಇನ್ನೂರು ಜನ ಹಬ್ಬಕ್ಕೆ ಕಾಯ್ತಾವ್ರಂತೆ, ನಾಟಿ ಕಲ್ಸೋರೇ ಇಲ್ವಂತೆ. ನೀವಾಗೇ ಕಳಿಸ್ಕೊಡ್ತಿದ್ದೀರಲ್ಲ, ನಿಮ್ಮಂಥೋರು ಸಿಗಲ್ಲ ಅಂತಾವ್ರೆ. ಈಗ್ಲೇ ಹೊರಡ್ಬೇಕಂತೆ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ತಂಡ ಕಾಲುವೆಯಲ್ಲಿ ಕಾಲು ತೊಳೆದು ಜಪಾನಿನವರ ಬಸ್ಸಿನ ಬಾಗಿಲಲ್ಲಿತ್ತು.

"ಬೇಗ ಹತ್ರಮ್ಮೀ, ಕಿಟಕಿ ಸೀಟು ಹೋಯ್ತದೆ!" ಎಂದ ಸಿದ್ದಮ್ಮ ತಿರುಗಿ ಕೈಬೀಸಿದಳು. "ಮೇಷ್ಟ್ರೇ, ಬೈರಾಪಟ್ಟಣದ ಹೆಸರು ನಿಲ್ಲಿಸ್ಬುಟ್ಟೇ ಬತ್ತೀವಿ!"

ಬಸ್ಸು ಮರೆಯಾಗುವವರೆಗೂ ಮೇಷ್ಟ್ರು ಹೆಮ್ಮೆಯಿಂದಲೇ ಕೈಬೀಸಿದರು. ಆಮೇಲೆ ಗದ್ದೆಯ ಕಡೆ ತಿರುಗಿ ಲೆಕ್ಕ ಹಾಕಿದರು. ನಾಟಿಯಾದದ್ದು ಕಾಲು ಗುಂಟೆ. ಉಳಿದದ್ದು ಹತ್ತೊಂಬತ್ತೂ ಮುಕ್ಕಾಲು ಗುಂಟೆ.