ಕಮಲಾಪುರದಲ್ಲಿ ನಾನು ಅದಲುಬದಲು ಮಾಡಿದ ಗಂಡಂದಿರು

ಡಿಪ್ಲೊಮಾದ ಕೊನೆಯ ವರ್ಷವನ್ನು ಪೂರ್ತಿ ಒಂದು ಕಂಪನಿಯಲ್ಲಿ ತರಬೇತಿಗೆ ಕಳೆಯಬೇಕೆಂಬ ನಿಯಮ ನಮ್ಮ ಕೋರ್ಸಿಗಿತ್ತು. ಕಂಪ್ಯೂಟರ್ ಕಂಪನಿಯೊಂದು ನನ್ನನ್ನು ಆರಿಸಿದೆ ಎಂಬ ಪತ್ರ ಬಂದ ದಿನ, ದೇಶದ ತಂತ್ರಜ್ಞಾನ ಇನ್ನು ಯೋಗ್ಯರ ಕೈಗೆ ಸೇರಿತು ಎಂದು ನನಗೆ ಮನವರಿಕೆಯಾಯಿತು. ಅದು ತೊಂಬತ್ತರ ದಶಕ. ಕಲಬುರಗಿಯಲ್ಲಿ ಕಂಪ್ಯೂಟರ್ ನೋಡಿದವರೇ ಕಡಿಮೆ, ಮುಟ್ಟಿದವರು ಇನ್ನೂ ಕಡಿಮೆ. ಮುಟ್ಟಿದ್ದೇನೆ ಎಂದು ಹೇಳಿಕೊಂಡು ತಿರುಗುವವಳು ನಮ್ಮ ಓಣಿ ಗಾಜಿಪುರದಲ್ಲಿ ನಾನೊಬ್ಬಳೇ!

"ನಮ್ಮ ವಿಜಿ ಕಂಪನಿಗೆ ಹೊಂಟಾಳ. ಇನ್ನ ಮ್ಯಾಲ ಅಕಿ ಕೈಲೆ ಕಸ ಹೊಡಸಬ್ಯಾಡ್ರಿ," ಎಂದು ಅಜ್ಜಿ ಮನೆಯಲ್ಲಿ ಆಜ್ಞೆ ಹೊರಡಿಸಿದಳು.

ಕಂಪನಿ ನನ್ನ ಕೈಲಿ ಮೊದಲು ಹೊಡೆಸಿದ್ದೇ ಕಸ.

ಆ ಕಂಪನಿ ಐವಾನ್-ಎ-ಶಾಹಿ ಬಡಾವಣೆಯ ಕಡೆ ಒಂದು ಮನೆಯ ಮಹಡಿಯ ಮೇಲಿತ್ತು. ಹೆಸರು ಹೇಳುವುದಿಲ್ಲ. ಆ ಹೆಸರಿನಲ್ಲಿ ಎಷ್ಟು ಅಕ್ಷರಗಳಿದ್ದವೋ ಅಷ್ಟು ಜನ ಅಲ್ಲಿರಲಿಲ್ಲ ಎಂದರೆ ಸಾಕು. ಮೂರು ಕಂಪ್ಯೂಟರ್‌ಗಳಿದ್ದವು. ಒಂದು ಕೆಲಸ ಮಾಡುತ್ತಿತ್ತು, ಒಂದು ಮನಸ್ಸು ಬಂದಾಗ ಮಾಡುತ್ತಿತ್ತು, ಮೂರನೆಯದು ಬಂದವರಿಗೆ ತೋರಿಸುವುದಕ್ಕೆ. ಮೂರಕ್ಕೂ ಹೂವಿನ ಚಿತ್ರದ ಬಟ್ಟೆಯ ಮುಸುಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಶರಣಬಸವೇಶ್ವರ ಗುಡಿಯಲ್ಲಿ ಪ್ರಸಾದವಾದರೂ ಸಿಗುತ್ತದೆ. ಇಲ್ಲಿ ಧೂಳು ಒರೆಸುವ ಬಟ್ಟೆ ಸಿಕ್ಕಿತು.

ಡೈರೆಕ್ಟರ್ ಸಾಹೇಬರು ಕಂಪನಿಯ ಮಾಲೀಕರೂ ಹೌದು, ಮುಖ್ಯ ಎಂಜಿನಿಯರರೂ ಹೌದು. ಕರೆಂಟು ಹೋದರೆ "ಸಿಸ್ಟಮ್ ಡೌನ್" ಎನ್ನುತ್ತಿದ್ದರು. ಚಹಾ ತಡವಾದರೂ "ಸಿಸ್ಟಮ್ ಡೌನ್". ಮೊದಲ ಆರು ತಿಂಗಳಲ್ಲಿ ನಾನು ಅವರಿಂದ ಕಲಿತ ತಂತ್ರಜ್ಞಾನ ಇಷ್ಟೇ. ಆದರೂ ಮನೆಯಲ್ಲಿ ಏನು ಕೇಳಿದರೂ "ನಿಮಗ ತಿಳಿಯಂಗಿಲ್ಲ, ಅದು ಟೆಕ್ನಿಕಲ್ ಅದ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಧೂಳು ಒರೆಸುವುದರಲ್ಲಿ ಟೆಕ್ನಿಕಲ್ ಏನಿದೆ ಎಂದು ಅವರಿಗೆ ಗೊತ್ತಾಗದಿರಲಿ ಎಂಬುದೇ ನನ್ನ ಚಿಂತೆ.

ನನ್ನ ಜೊತೆ ತರಬೇತಿಗೆ ಬಂದ ಇನ್ನೊಬ್ಬ, ನಮ್ಮ ಕಾಲೇಜಿನವನೇ ಆದ ಸಿದ್ಧಾರ್ಥ. ಅವನ ಅಪ್ಪ ಕಲ್ಲಿನ ಗಣಿಯಲ್ಲಿ ಕೂಲಿ. ಮನೆತನದಲ್ಲೇ ಹತ್ತನೆಯ ತರಗತಿ ದಾಟಿದ ಮೊದಲಿಗ ಅವನು. ಮಾತು ಕಡಿಮೆ, ಕೆಲಸ ಹೆಚ್ಚು. ಇಂಥವರನ್ನು ಕಂಡರೆ ನನಗಾಗ ಒಂಥರಾ ಮರುಕ. ಮಾತಾಡದವನು ಮುಂದೆ ಬರುವುದು ಹೇಗೆ, ಪಾಪ!

ಏಳನೆಯ ತಿಂಗಳಲ್ಲಿ ನಿಜವಾದ ಕೆಲಸ ಬಂತು. ಕಮಲಾಪುರದ ಬಾಳೆ ಬೆಳೆಗಾರರ ಸಂಘದ ಸದಸ್ಯರಿಗೆಲ್ಲ ಗುರುತಿನ ಚೀಟಿ ಮಾಡಿಕೊಡಬೇಕು. ಅಲ್ಲಿನ ಕೆಂಪು ಬಾಳೆಯ ರುಚಿ ಗೊತ್ತಿದ್ದವರಿಗೆ ಆ ಸಂಘದ ಮಹತ್ವ ಹೇಳಬೇಕಾಗಿಲ್ಲ. ಚೀಟಿ ಇದ್ದವರಿಗೆ ಮಾತ್ರ ಹೊಸ ಸಸಿಗಳು. ಸಂಘದ ಕಾರ್ಯದರ್ಶಿ ಶರಣಪ್ಪ ತಾವೇ ಬರೆದ ದಪ್ಪ ರಿಜಿಸ್ಟರನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಹುಷಾರ್ ರೀ, ಇದರಾಗ ಎಲ್ಲಾ ಬರೋಬ್ಬರಿ ಅದ," ಎಂದರು.

"ಕೈಲೆ ಬರದದ್ದು ಬರೋಬ್ಬರಿ ಹ್ಯಾಂಗ ಇರ್ತದ ಶರಣಪ್ಪನವ್ರ? ಇನ್ನ ಕಂಪ್ಯೂಟರ್ ನೋಡ್ಕೋತದ," ಎಂದು ಸಾಹೇಬರು ನಕ್ಕರು. ನಾನೂ ನಕ್ಕೆ. ಶರಣಪ್ಪ ನಗಲಿಲ್ಲ.

ಸದಸ್ಯರ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ಹೀಗೆ ಒಂದೊಂದಕ್ಕೂ ಒಂದೊಂದು ಕಾಲಂ ಮಾಡಿ ಸಿದ್ಧಾರ್ಥ ಎರಡು ತಿಂಗಳು ಕೂತು ಟೈಪ್ ಮಾಡಿದ. ಎಲ್ಲವೂ ಇಂಗ್ಲಿಷಿನಲ್ಲಿ. ಕಮಲಾಪುರದಲ್ಲಿ ಓದಲು ಬಾರದ ಭಾಷೆಯಲ್ಲಿದ್ದರೇ ಗೌರವ ಹೆಚ್ಚು ಎಂಬುದು ಸಾಹೇಬರ ಸಿದ್ಧಾಂತ. ಅವನು ಟೈಪ್ ಮಾಡುವಾಗ ನಾನು ಹಿಂದೆ ನಿಂತು ಮೇಲ್ವಿಚಾರಣೆ ಮಾಡಿದೆ. ಮಾಡು ಎಂದು ಯಾರೂ ಹೇಳಿರಲಿಲ್ಲ.

ಚೀಟಿ ಅಚ್ಚಾಗುವ ಹಿಂದಿನ ದಿನ ಸಾಹೇಬರಿಗೆ ಹೊಸ ಯೋಚನೆ ಹೊಳೆಯಿತು. "ಪಟ್ಟಿ ಎ, ಬಿ, ಸಿ ಪ್ರಕಾರ ಬರಲಿ. ಚೀಟಿ ಹಂಚೋ ಸಮಾರಂಭದಾಗ ಮುಖ್ಯ ಅತಿಥಿಗಳು ಬೆಚ್ಚಿಬೀಳಬೇಕು!"

ಸಿದ್ಧಾರ್ಥ ಊಟಕ್ಕೆ ಹೋಗಿದ್ದ. ನಾನು ಕುರ್ಚಿಯಲ್ಲಿ ಕೂತೆ. ಹೆಸರಿನ ಕಾಲಂ ಅನ್ನು ಹಿಡಿದೆ, ಎರಡು ಕೀಲಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಬವ್ವ ಮೊದಲಿಗೆ ಬಂದು ಕೂತಳು, ಯಲ್ಲಪ್ಪ ಕೊನೆಗೆ ಹೋದ. ಆಹಾ! ಹಳೆಯ ಪಟ್ಟಿಯ ಮೇಲೆಯೇ ಅದನ್ನು ಸೇವ್ ಮಾಡಿಬಿಟ್ಟೆ.

ಸಿದ್ಧಾರ್ಥ ಬಂದು ತೆರೆ ನೋಡಿದ. "ವಿಜಯಾ, ಎಲ್ಲಾ ಕಾಲಂ ಹಿಡದು ಮಾಡೀದಿ ಏನು? ಬರೇ ಹೆಸರಿಂದು ಹಿಡದ್ರ ಹೆಸರಷ್ಟೇ ಸರೀತಾವ, ಉಳಿದದ್ದು ಅಲ್ಲೇ ನಿಂತಿರ್ತದ."

"ನನಗ ಕಲಸಲಾಕ ಬರಬ್ಯಾಡ."

"ರಿಜಿಸ್ಟರ್ ಕೂಡ ಒಂದಿಷ್ಟು ತಾಳೆ ನೋಡೋಣ."

"ಕಂಪ್ಯೂಟರ್ ಮಾಡಿದ್ದನ್ನ ಶರಣಪ್ಪನ ಪುಸ್ತಕದಾಗ ತಾಳೆ ನೋಡ್ತೀಯಾ? ಮರ್ಯಾದಿ ಅದ ಏನು ನಿನಗ?"

ಇದನ್ನು ಜೋರಾಗಿ ಹೇಳಿದೆ, ಸಾಹೇಬರಿಗೆ ಕೇಳಿಸಲೆಂದು. ಕೇಳಿಸಿತು. "ವೆರಿ ಗುಡ್," ಎಂದರು. ಆ ವರ್ಷ ನನಗೆ ಸಿಕ್ಕ ಏಕೈಕ ಮೆಚ್ಚುಗೆ ಅದು. ಚೀಟಿಗಳು ಅಚ್ಚಾದವು, ಹೆಸರು ನೋಡಿ ಫೋಟೊ ಅಂಟಿಸಿದೆವು, ಪ್ಲಾಸ್ಟಿಕ್ ಹೊದಿಸಿದೆವು. ಇನ್ನು ನೀರು ಬಿದ್ದರೂ ಅಳಿಸದು! ಆ ಗುಣವೇ ಮುಂದೆ ಮುಳುವಾಯಿತು.

ಕಮಲಾಪುರದಲ್ಲಿ ಶಾಮಿಯಾನ, ಮೈಕು, ಮುಖ್ಯ ಅತಿಥಿಯಾಗಿ ಒಬ್ಬ ಅಧಿಕಾರಿ. ಕಲಬುರಗಿಯಿಂದ ಜೀಪಿನಲ್ಲಿ ಬಂದ ನಾವು ಮೂವರೂ ವೇದಿಕೆಯ ಪಕ್ಕದಲ್ಲಿ. ಮುಸುಕು ಹಾಕಿದ ಮೂರನೆಯ ಕಂಪ್ಯೂಟರೂ ಬಂದಿತ್ತು, ದರ್ಶನಕ್ಕೆ. ಸಾಹೇಬರು ಅರ್ಧ ಗಂಟೆ ಮಾತಾಡಿದರು. "ಮನುಷ್ಯ ತಪ್ಪು ಮಾಡುತ್ತಾನೆ, ಯಂತ್ರ ಮಾಡುವುದಿಲ್ಲ!" ಚಪ್ಪಾಳೆ. ಅತ್ಯಂತ ಜೋರಾಗಿ ತಟ್ಟಿದ್ದು ನಾನು.

ಶರಣಪ್ಪ ಕನ್ನಡಕ ಏರಿಸಿ ಮೊದಲ ಚೀಟಿಯನ್ನು ಓದಿದರು. "ಅಂಬವ್ವ. ಗಂಡ... ಬಸಣ್ಣ?"

ಅಂಬವ್ವ ಎದ್ದು ನಿಂತಳು. "ಯಾವ ಬಸಣ್ಣ ರೀ?"

ಹಿಂದಿನ ಸಾಲಿನಿಂದ ಇನ್ನೊಬ್ಬಾಕೆ ಸೆರಗು ಬಿಗಿದು ಎದ್ದಳು. "ಅಂವ ನನ್ನ ಗಂಡ! ಅಕಿಗ್ಯಾಕ ಕೊಡ್ಲಾಕತ್ತೀರಿ?"

ಬಸಣ್ಣ ಎಂಬಾತ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕಂಬದ ಹಿಂದೆ ಸರಿದ.

"ಏನೋ ಒಂದು ತಪ್ಪಿರಬೇಕು, ನಡುವಿಂದು ಯಾವದರೆ ಓದ್ರಿ," ಎಂದರು ಸಾಹೇಬರು. ಶರಣಪ್ಪ ಎಳೆದದ್ದು ಇಬ್ರಾಹಿಂ ಸಾಬರದು. ತಂದೆ ವೀರಭದ್ರಪ್ಪ! ವೀರಭದ್ರಪ್ಪ ಅವರ ಪಕ್ಕದ ಹೊಲದವರು, ಅಲ್ಲಿಯೇ ಕೂತಿದ್ದರು. "ಆತು ಬಿಡೋ ಬೇಟಾ, ನಾಳಿಗಿಂದ ನಮ್ಮ ಮನ್ಯಾಗೇ ಉಣ್ಣು," ಎಂದರು. ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಮುಖ್ಯ ಅತಿಥಿಗಳು ನಿಜಕ್ಕೂ ಬೆಚ್ಚಿಬಿದ್ದಿದ್ದರು.

ಆಮೇಲೆ ನಾಗವ್ವನ ಸರದಿ ಬಂತು. ಗಂಡ ತೀರಿಕೊಂಡು ವರ್ಷಗಳಾಗಿದ್ದ ಮುದುಕಿ. ತನ್ನ ಚೀಟಿಯಲ್ಲಿ ಯಾವನದೋ ಹೆಸರು ಕೇಳಿ, "ನಮ್ಮನಿಯವ್ರ ಹೆಸರು ಎಲ್ಲಿ ಹೋತ್ರಿ? ಅದೊಂದರೆ ಉಳದಿತ್ತು," ಎಂದು ಮೆಲ್ಲಗೆ ಕೇಳಿದಳು. ನಗು ನಿಂತಿತು.

ಸಾಹೇಬರು ಸಿದ್ಧಾರ್ಥನತ್ತ ತಿರುಗಿದರು. "ಟೈಪ್ ಮಾಡಿದಾಂವ ನೀನೇ ಅಲ್ಲೇನು? ಇಂಥವ್ರಿಗೆ ಕೆಲಸ ಕೊಟ್ರ ಹಿಂಗೇ! ನಿನ್ನ ಸರ್ಟಿಫಿಕೇಟಿಗೆ ನಾ ಸಹಿ ಮಾಡಂಗಿಲ್ಲ, ನಡಿ!"

ಸಹಿ ಇಲ್ಲದಿದ್ದರೆ ಡಿಪ್ಲೊಮಾ ಇಲ್ಲ. ಸಿದ್ಧಾರ್ಥ ನನ್ನನ್ನು ನೋಡಿದ. ನಾನು ಏನು ಮಾಡಿದೆ? ಶಾಮಿಯಾನದ ಹಗ್ಗದ ಗಂಟನ್ನು ಬಹಳ ಆಸಕ್ತಿಯಿಂದ ಪರಿಶೀಲಿಸಿದೆ! ಅಂಥ ಧೀರೆ ನಾನು. ನೋಡಿ ನೋಡಿ ಗಂಟಿನಲ್ಲಿ ನೋಡುವುದಕ್ಕೆ ಏನೂ ಉಳಿಯದೆ ಹೋದಾಗ ಬಾಯಿ ತೆರೆದೆ.

"ಸರ್, ಅಂವ ಬರೋಬ್ಬರಿ ಟೈಪ್ ಮಾಡಿದ್ದ. ಕೆಡಿಸಿದಾಕಿ ನಾನು. ತಾಳೆ ನೋಡೋಣ ಅಂದ್ರೂ ನಾನೇ ಬ್ಯಾಡ ಅಂದೆ."

ಸಾಹೇಬರ ಮುಖ ಕ್ಷಣಾರ್ಧದಲ್ಲಿ ಬದಲಾಯಿತು. ನನ್ನ ಅಪ್ಪ ಅವರಿಗೆ ಪರಿಚಯ. ಮೈಕು ಹಿಡಿದು, "ಬಂಧುಗಳೇ, ಇದು ವೈರಸ್! ಅಂತರರಾಷ್ಟ್ರೀಯ ಸಮಸ್ಯೆ!" ಎಂದರು. ಸಿದ್ಧಾರ್ಥ ಮಾಡಿದ್ದರೆ ತಪ್ಪು, ನಾನು ಮಾಡಿದರೆ ವೈರಸ್! ಅಲ್ಲಿಯವರೆಗೆ ನನಗೆ ನನ್ನ ಮೇಲೆ ಮಾತ್ರ ಇದ್ದ ಅಸಹ್ಯ ಆಗ ನನಗೂ ಸಾಹೇಬರಿಗೂ ಸಮನಾಗಿ ಹಂಚಿಹೋಯಿತು.

"ವೈರಸ್ ಅಲ್ರಿ, ನಾನು," ಎಂದೆ. ಮೈಕು ಹತ್ತಿರವಿತ್ತು. ಊರಿಗೆಲ್ಲ ಕೇಳಿಸಿತು.

ಪಟ್ಟಿ ಸರಿಪಡಿಸೋಣವೆಂದರೆ ಹಳೆಯದನ್ನು ನಾನೇ ಅಳಿಸಿದ್ದೆ. ಸಸಿ ಹಂಚಲು ಉಳಿದದ್ದು ಮೂರೇ ದಿನ. ಶರಣಪ್ಪ ಗೊಣಗಲಿಲ್ಲ, ನಮ್ಮಿಂದ ವಾಪಸು ತಂದುಕೊಂಡಿದ್ದ ರಿಜಿಸ್ಟರ್ ಬಿಚ್ಚಿದರು. ಅಧಿಕಾರಿಯೂ, ಸಾಹೇಬರೂ, ಮುಸುಕಿನ ಕಂಪ್ಯೂಟರೂ ಊಟ ಮುಗಿಯುತ್ತಲೇ ಕಲಬುರಗಿಗೆ ಹೋದರು. (ಕಂಪ್ಯೂಟರ್ ಊಟ ಮಾಡಲಿಲ್ಲ.) ನಾನೂ ಸಿದ್ಧಾರ್ಥನೂ ಮೂರು ದಿನ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮರಳಿದೆವು. ಅವನು ರಿಜಿಸ್ಟರ್ ನೋಡಿ ಹೇಳುತ್ತಿದ್ದ, ನಾನು ರಟ್ಟಿನ ಚೀಟಿಗಳ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೆ. ಆ ರಿಜಿಸ್ಟರಿನಲ್ಲಿ ಒಂದೇ ಒಂದು ತಪ್ಪು ಸಿಗಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ಸಿಗಲಿಲ್ಲ.

"ನನ್ನ ಮ್ಯಾಲ ಸಿಟ್ಟು ಅದ ಏನು?" ಎಂದು ಎರಡನೆಯ ದಿನ ಸಿದ್ಧಾರ್ಥನನ್ನು ಕೇಳಿದೆ.

"ಅದ," ಎಂದ. "ಮುಂದಿಂದು ಬರಿ. ನಾಗವ್ವ, ಗಂಡ ದಿವಂಗತ ಭೀಮಶಾ."

ದುಂಡಗೆ ಬರೆದೆ. ನಾಗವ್ವ ಹೊಸ ಚೀಟಿ ತೆಗೆದುಕೊಂಡು ಹಳೆಯದನ್ನೂ ಇಟ್ಟುಕೊಂಡಳು. "ಹೆಸರು ಯಾರದರೆ ಇರವಲ್ದ್ಯಾಕ, ಇದರಾಗ ನನ್ನ ಫೋಟೊ ಛಲೋ ಬಂದದ," ಎಂದಳು.

ವರ್ಷ ಮುಗಿದಾಗ ಇಬ್ಬರ ಸರ್ಟಿಫಿಕೇಟಿಗೂ ಸಹಿ ಬಿತ್ತು. ಶರಣಪ್ಪನವರೇ ಖುದ್ದಾಗಿ ಬಂದು, ಸಹಿಯಾಗುವ ತನಕ ಸಾಹೇಬರೆದುರು ಕೂತಿದ್ದರಂತೆ. ನನ್ನದರಲ್ಲಿ "ಸದರಿ ವಿದ್ಯಾರ್ಥಿನಿಯು ಸಮಯಕ್ಕೆ ಸರಿಯಾಗಿ ಬರುತ್ತಿದ್ದರು" ಎಂಬ ಒಂದೇ ಸಾಲು. ಸಿದ್ಧಾರ್ಥನನ್ನು ಕಂಪನಿ ಕೆಲಸಕ್ಕೆ ಕರೆಯಿತು, ಅವನು ಒಲ್ಲೆ ಎಂದ. ನನ್ನನ್ನು ಕರೆಯಲೇ ಇಲ್ಲವಾದ್ದರಿಂದ ಒಲ್ಲೆ ಎನ್ನುವ ಸೌಭಾಗ್ಯವೂ ನನಗಿಲ್ಲದಾಯಿತು!

ಹಾಗೆಂದು ಯಾರೂ ಕರೆಯಲಿಲ್ಲ ಎನ್ನುವಂತಿಲ್ಲ. ಒಂದು ತಿಂಗಳ ನಂತರ ಶರಣಪ್ಪ ನಮ್ಮ ಅಪ್ಪನಿಗೆ ಹೇಳಿ ಕಳಿಸಿದರು: "ಆ ಹುಡುಗಿ ಅಕ್ಷರ ಭಾಳ ಛಂದ ಅವ. ಹೊಸ ರಿಜಿಸ್ಟರ್ ಬರೀಲಾಕ ಕಳಸ್ರಿ. ಕಂಪ್ಯೂಟರ್ ಮಾತ್ರ ತರಬ್ಯಾಡ ಅನ್ರಿ."

ಹೋದೆ.