ನಮ್ಮ ಶಿವಶರಣನ ಭಕ್ತಿಯನ್ನು ಕಲೆಸಿ ಕೊಡುತ್ತಿರುವ ಹಾಡಿನ ಆ್ಯಪಿಗೆ

ಮಾನ್ಯ ಹಾಡಿನ ಆ್ಯಪ್ ಮಹಾಶಯರೇ,

‘ನಿಮಗೇನು ಬೇಕಂತ ನಿಮಗಿಂತ ಮೊದಲ ಅದಕ್ಕ ತಿಳೀತದ್ರಿ’ ಎಂದೋ, ಅದೇ ಅರ್ಥದ ಇನ್ನೇನೋ ಮಾತನ್ನೋ, ಜತ್ತದ ಮೊಬೈಲ್ ಅಂಗಡಿಯ ದತ್ತಾ ನನ್ನ ಅಕ್ಕ ಇಂದ್ರಾಬಾಯಿಯ ಫೋನಿನಲ್ಲಿ ತಮ್ಮನ್ನು ಪ್ರತಿಷ್ಠಾಪಿಸುತ್ತ ಹೇಳಿದ್ದ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮೂರು ಮುಚ್ಚಂಡಿಯಿಂದ ತಮಗೆ ವಂದನೆಗಳು.

ಅಕ್ಕನ ಮಗ ಶಿವಶರಣ ಮಿರಜದ ಛಾಪಖಾನೆಯೊಂದರಲ್ಲಿ ದುಡಿಯುತ್ತ, ಉಳಿದ ಹೊತ್ತಿನಲ್ಲಿ ರ‍್ಯಾಪ್ ಹಾಡುತ್ತಾನೆ. ಅವನ ಮೊದಲ ಆಲ್ಬಮ್ಮನ್ನು ತಾವು ಲೋಕಕ್ಕೆ ಹಂಚುತ್ತಿರುವುದು ದೊಡ್ಡ ಉಪಕಾರ. ಅದರಲ್ಲಿ ಅವನ ನಂಬಿಕೆ ನಡೆದ ದಾರಿ ಸಾಲಾಗಿದೆ: ಮೊದಲು ಕೊರಳಲ್ಲಿ ಲಿಂಗವಿದ್ದ ಹುಡುಗನ ಶಿವಸ್ತುತಿ, ನಡುವೆ ಅದನ್ನು ಬಿಚ್ಚಿ ಜಗಲಿಯ ಮೇಲಿಟ್ಟು ಮನೆಬಿಟ್ಟವನ ಸಿಟ್ಟು, ಆಮೇಲೆ ವಿಠ್ಠಲನ ಭಕ್ತರೊಡನೆ ಪಂಢರಪುರಕ್ಕೆ ನಡೆದದ್ದು. ಕೊನೆಯದು ತಾಯಿಗೆ ಹೇಳಿದ ಹಾಡು: ಏನನ್ನು ನಂಬುತ್ತೇನೋ ಇನ್ನೂ ತಿಳಿದಿಲ್ಲ, ಆದರೂ ಬಂದು ಕೈಯೊಡ್ಡಿದರೆ ನನ್ನ ಲಿಂಗ ನನಗೆ ಕೊಡುತ್ತೀಯಾ ಎಂದು. ಭಕ್ತಿಯೆಲ್ಲ ಕನ್ನಡ, ಸಿಟ್ಟೆಲ್ಲ ಮರಾಠಿ. ಕೊನೆಯ ಹಾಡಿನಲ್ಲಿ ಮಾತ್ರ ಎರಡೂ ಬೆರೆತಿವೆ.

ಒಮ್ಮೆ ಕಟ್ಟಿದ ಲಿಂಗ ಪೂಜೆಯಿಲ್ಲದೆ ಇರಬಾರದೆಂದು ಅಕ್ಕ, ಅವನು ಹೋದಂದಿನಿಂದ ತನ್ನ ಎಡ ಅಂಗೈಯಲ್ಲಿ ತನ್ನದರ ಪಕ್ಕಕ್ಕೆ ಅವನದನ್ನೂ ಇಟ್ಟುಕೊಂಡು ಪೂಜಿಸುತ್ತಾಳೆ.

ತಾವಾದರೋ, ಪುಕ್ಕಟೆ ಕೇಳುವವರಿಗೆ ಹಾಡುಗಳನ್ನು ಇಸ್ಪೀಟಿನೆಲೆಯಂತೆ ಕಲೆಸಿ ಕೊಡುವ ಉದಾರಿಗಳು. ಹೀಗಾಗಿ ಮನೆಯಲ್ಲಿ ಅಕ್ಕ ಕಸ ಗುಡಿಸುವಾಗ ಅವನು ವಿಠ್ಠಲನವನು, ರೊಟ್ಟಿ ಬಡಿಯುವಾಗ ಶಿವನವನು, ಉಣ್ಣಲು ಕೂತಾಗ ಯಾರವನೂ ಅಲ್ಲ. ನಡುನಡುವೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಬರುತ್ತದೆ, ಇಷ್ಟರಲ್ಲಿ ನಿಲುವು ಬದಲಿಸದಿರುವುದು ಅದೊಂದೇ. ‘ನಿನ್ನಿ ಚಲೋ ಇದ್ದಿ, ಇವತ್ತೇನಾತೋ ನಿನಗ’ ಎಂದು ಅವಳು ಅವನಿಗೆ ಫೋನ್ ಮಾಡಿ ಗದರಿದರೆ, ‘ಯವ್ವಾ, ನಾ ಇನ್ನಾ ಚಾನೂ ಕುಡದಿಲ್ಲ’ ಎನ್ನುತ್ತಾನೆ ಅವನು.

ನನ್ನ ದೂರು ಇಷ್ಟೇ. ಕೊನೆಯ ಹಾಡನ್ನು ತಾವು ಮೊಟ್ಟಮೊದಲು ಕೇಳಿಸಿದಿರಿ. ‘ಬರ್ಲಿ, ಕೊಡತೀನಿ’ ಎಂದು ಅಕ್ಕ ಕಣ್ಣೊರೆಸಿಕೊಂಡಳು. ಅದರ ಬೆನ್ನಿಗೇ ಲಿಂಗ ಬಿಚ್ಚಿಟ್ಟ ಹಾಡನ್ನು ಹಾಕಿದಿರಿ, ಆ ಒಂದು ಹಾಡಿನ ಮೇಲಂತೂ ತಮಗೆ ವಿಶೇಷ ಪ್ರೀತಿ. ಈಗ ಸೋಮವಾರ ಅವನು ಬರುತ್ತಿದ್ದಾನೆ, ಇವಳು ಕೊಡುವುದಿಲ್ಲ ಎನ್ನುತ್ತಾಳೆ. ಅದು ಹಳೆಯ ಹಾಡು ಎಂದು ನಾನು ತಿಳಿಸಿ ಹೇಳಿದೆ. ‘ನಾ ಇವತ್ತ ಕೇಳೀನಿ, ಹಳೇದ ಹ್ಯಾಂಗ ಆಗತದೋ ತಮ್ಮಾ’ ಎಂದಳು. ಹಣ ಕಟ್ಟಿದರೆ ಸಾಲಾಗಿ ಕೇಳಬಹುದಂತೆ ಎಂದೆ. ‘ಮಗನ ಮಾತ ಕೇಳಾಕ ರೊಕ್ಕ ಕೊಡಬೇಕೇನು?’ ಎಂದಳು.

ಆದ್ದರಿಂದ ತಾವು ದಯವಿಟ್ಟು ಸೋಮವಾರ ಬಸ್ಸು ಮುಚ್ಚಂಡಿ ಮುಟ್ಟುವ ಮೊದಲು ಆ ಕೊನೆಯ ಹಾಡನ್ನು ಒಮ್ಮೆ ಹಾಡಿ, ಆಮೇಲೆ ಶಾಶ್ವತ ಮೌನವ್ರತ ಹಿಡಿಯಬೇಕು; ಆಗದಿದ್ದರೆ ಸಿಟ್ಟಿನ ಹಾಡು ಬರುವಲ್ಲೆಲ್ಲ ಎಣ್ಣೆಯ ಜಾಹೀರಾತನ್ನೇ ಹಾಕಬೇಕು; ಅದೂ ಆಗದಿದ್ದರೆ ತಾವೇ ಲಿಂಗದೀಕ್ಷೆ ಪಡೆದು, ಅಕ್ಕನ ಅಂಗೈಯಲ್ಲಿ ಮೂರನೆಯದಕ್ಕೆ ಜಾಗ ಕೇಳಬೇಕು.

ದೇವರೊಡನೆ ನನಗೆ ಅಂಥ ಬಳಕೆಯಿಲ್ಲ. ಆದರೂ ತಮ್ಮನ್ನು ಇಷ್ಟು ದಿನ ಕೇಳುತ್ತ ಒಂದು ಅನುಮಾನ ಬಂದಿದೆ: ಆಲ್ಬಮ್ಮಿನ ಸಾಲು ಅವನು ಆಮೇಲೆ ಕೂತು ಜೋಡಿಸಿದ್ದು, ಬದುಕಿದ್ದು ಬಹುಶಃ ತಮ್ಮ ಕ್ರಮದಲ್ಲೇ.

ನಂಬಿಕೆಯ ವಿಷಯದಲ್ಲಿ ಈ ಮನೆಯಲ್ಲಿ ಸದ್ಯ ಅಲುಗಾಡದೆ ಉಳಿದಿರುವ,
ತಮ್ಮ ವಿಶ್ವಾಸಿ,
ಈಶ್ವರ

ತಾ.ಕ.: ಇಂದು ಬೆಳಿಗ್ಗೆ ಅಕ್ಕ ಲಿಂಗ ಕಟ್ಟುವ ಹೊಸ ಶಿವದಾರ ಹೊಸೆಯುತ್ತಿದ್ದಳು. ಯಾರ ಕೊರಳಿಗೆ ಎಂದು ಕೇಳಿದರೆ ‘ಫೋನ ಕೇಳಿ ಹೇಳತೀನಿ’ ಎಂದಳು. ತಮ್ಮ ಅಧಿಕಾರ ಅಲ್ಲಿಯವರೆಗೆ ಬಂದಿದೆ, ಅಭಿನಂದನೆಗಳು. ತಮ್ಮನ್ನು ಕೇಳಿ ಪ್ರಯೋಜನವಿಲ್ಲವಾದ್ದರಿಂದ ಅವನನ್ನೇ ಕೇಳುತ್ತೇನೆ: ಶಿವಶರಣ, ಸೋಮವಾರ ಬಸ್ಸಿಳಿದು ಬಂದು ನಿನ್ನವ್ವನ ಮುಂದೆ ಕೈಯೊಡ್ಡುವಾಗ ನೀನು ಯಾವ ಹಾಡಿನಲ್ಲಿರುತ್ತೀ?