ದೊಡ್ಡಪ್ಪನ ಶಿವಪೂಜೆಯಲ್ಲಿ ಈರುಳ್ಳಿ

ನಮ್ಮ ದೊಡ್ಡಪ್ಪನಿಗೆ ಶಿವ ಇನ್ನೇನು ಕಾಣಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಈರುಳ್ಳಿ ಅಡ್ಡ ಬರುತ್ತಿತ್ತು! ನಗಬೇಡಿ. ಇದು ಹರವೆಯ ನಮ್ಮ ಬೀದಿಗೆಲ್ಲ ಗೊತ್ತಿದ್ದ ಸಂಗತಿ.

ಬೆಳಿಗ್ಗೆ ಮಿಂದು, ಹಣೆತುಂಬ ವಿಭೂತಿ ಬಳಿದು, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಕೂತರೆಂದರೆ ಪೂಜೆ ಮುಗಿಯುವವರೆಗೂ ಮಾತಿಲ್ಲ. ಮಾತಾಡಿದರೆ ಮತ್ತೆ ಮೊದಲಿನಿಂದ ಶುರು. ಅದು ಅವರಪ್ಪ ಹಾಕಿಕೊಟ್ಟ ಕಟ್ಟು. ಮನಸ್ಸು ಒಂದೇ ಒಂದು ದಿನ ಕೆರೆಯ ನೀರಿನಂತೆ ನಿಲ್ಲಬೇಕು, ಅಷ್ಟೇ ಅವರಾಸೆ. ಆದರೆ ನಮ್ಮ ದೊಡ್ಡಮ್ಮ ಸಾಮಾನ್ಯರೇ? ಸಂಸಾರದ ಅನುಮತಿಗಳನ್ನೆಲ್ಲ ಕೇಳಲು ಆ ಹೊತ್ತಿಗೇ ಕಾಯುತ್ತಿದ್ದರು!

“ಏನ್ರೀ, ಉಮ್ಮತ್ತೂರಿಗೆ ತಂಗಿ ಮನೆಗೆ ಓಗ್ಬತ್ತೀನಿ. ಬ್ಯಾಡ ಅಂದ್ರೆ ಈಗ್ಲೇ ಯೋಳ್ಬುಡಿ.”

ದೊಡ್ಡಪ್ಪ ಹುಬ್ಬು ಕುಣಿಸುವರು, ಮೂಗಿನಲ್ಲೇ ಹೂಂಕರಿಸುವರು.

“ಸರಿ, ಒಪ್ಪವ್ರೆ” ಎಂದು ದೊಡ್ಡಮ್ಮ ಚೀಲ ಎತ್ತುವರು.

ಈರುಳ್ಳಿಯದೂ ಇದೇ ಕಥೆ. ಉಪ್ಪಿಟ್ಟಿನಲ್ಲಿ ಈರುಳ್ಳಿ ದೊಡ್ಡಪ್ಪನಿಗೆ ಆಗದು. ದಿನವೂ ಅಡುಗೆಮನೆಯಿಂದ “ಈರುಳ್ಳಿ ಆಕ್ಲಾ?” ಎಂಬ ಪ್ರಶ್ನೆ. ಇವರು ಬಾಯಿ ಬಿಡುವಂತಿಲ್ಲ. ಬಾಣಲೆಯಲ್ಲಿ ಚುಂಯ್! ಆಮೇಲೆ ತಟ್ಟೆಯ ಅಂಚಿಗೆ ಒಂದೊಂದೇ ಚೂರು ಆರಿಸಿಡುತ್ತ, “ಇವಳ ಕಾಟದಲ್ಲಿ ಶಿವ ನನ್ ಕಡೀಕೇ ತಿರುಗ್ನಿಲ್ಲ ಕಣ್ಲಾ” ಎಂದು ನನ್ನಲ್ಲಿ ದೂರು.

ಒಮ್ಮೆ ರೋಸಿಹೋಗಿ, ಗುಂಡ್ಲುಪೇಟೆ ಬಸ್ಸು ಹತ್ತಿ, ಆ ಸೀಮೆಯ ಮದ್ದೂರಿನ ಕಾಡಂಚಿನಲ್ಲಿದ್ದ ನೆಂಟರ ಹೊಲಕ್ಕೆ ಧ್ಯಾನಕ್ಕೆಂದು ಹೊರಟೇಬಿಟ್ಟರು. ಮರುದಿನವೇ ಹಾಜರ್!

“ಸಿಕ್ಕಿದ್ನಾ ಶಿವ?” ದೊಡ್ಡಮ್ಮ ಕೇಳಿದರು.

“ಅವನೆಲ್ಲಿ ಸಿಕ್ದ? ಮಗನ್ನ ಕಳುಸ್ಬುಟ್ಟಿದ್ದ. ಇಷ್ಟುದ್ದ ಸೊಂಡ್ಲು!”

“ಶಿವ ಎಲ್ಲೂ ಓಗಕಿಲ್ಲ ಬುಡಿ, ನಂಬ್ಕಂಡಿರಿ. ಉಪ್ಪಿಟ್ಟು ಮಾತ್ರ ಆರೋಯ್ತದೆ, ಬನ್ನಿ.”

ಹೋದ ಶ್ರಾವಣದಲ್ಲಿ ಒಂದು ಜ್ವರವೇ ನೆಪವಾಗಿ ದೊಡ್ಡಮ್ಮ ಹೋಗಿಬಿಟ್ಟರು. ಈಗ ಅಡುಗೆಮನೆ ಸೊಸೆಯದು. ಮಾವನ ಪೂಜೆಗೆ ತೊಂದರೆಯಾದೀತೆಂದು ಆಕೆ ಸೌಟನ್ನೂ ಸದ್ದಿಲ್ಲದೆ ಇಡುತ್ತಾಳೆ. ದೊಡ್ಡಪ್ಪ ಬಯಸಿದ್ದ ನಿಶ್ಶಬ್ದ ಕೊನೆಗೂ ಸಿಕ್ಕಿತಲ್ಲ, ಮನಸ್ಸು ನಿಂತಿತೇ? ಎಲ್ಲಿ! ಕೂರುತ್ತಾರೆ, ಏಳುತ್ತಾರೆ. ಅಂಗೈಯ ಲಿಂಗವನ್ನು ಬಿಟ್ಟು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾರೆ.

ಮೊನ್ನೆ ಸೊಸೆ ತವರಿಗೆ ಹೋಗಿದ್ದಳೆಂದು ಉಪ್ಪಿಟ್ಟು ಕೆದಕಲು ನಾನೇ ಹೋಗಿದ್ದೆ. ಪೂಜೆಗೆ ಕೂರುವ ಮುಂಚೆ ದೊಡ್ಡಪ್ಪ ತಗ್ಗಿದ ದನಿಯಲ್ಲಿ ಅಂದರು: “ಅಷ್ಟ್ ವರ್ಸ ಕೇಳುದ್ಲು ಕಣ್ಲಾ. ಒಂದ್ ದಿನಾನೂ ಬಾಯ್ಬುಟ್ಟು ಉತ್ರ ಕೊಡ್ನಿಲ್ಲ ನಾನು. ವಸಿ ನೀನು ಒಳಗಿಂದ ಕೇಳ್ಲಾ.”

ಏನು ಕೇಳಬೇಕೆಂದು ನಾನು ವಿಚಾರಿಸಲಿಲ್ಲ. ಬಾಣಲೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಕೂಗಿದೆ: “ಈರುಳ್ಳಿ ಆಕ್ಲಾ?”

ಅಂಗೈಯಲ್ಲಿ ಲಿಂಗ ಇದ್ದಂತೆಯೇ, ದೊಡ್ಡಪ್ಪ ಬಾಯಿ ಬಿಟ್ಟರು.

“ಆಕು. ವಸಿ ಜಾಸ್ತೀನೇ ಆಕು.”

ಕಟ್ಟು ಮುರಿದಿತ್ತು. ಮೊದಲಿನಿಂದ ಶುರು ಮಾಡಿದರು. ಈ ಸಲ ಬಾಗಿಲ ಕಡೆ ನೋಡಲಿಲ್ಲ. ಉಪ್ಪಿಟ್ಟು ಆರಿ ತಣ್ಣಗಾಗುವವರೆಗೂ ಅಲುಗಾಡಲಿಲ್ಲ. ಎದ್ದು ಬಂದು ತಿನ್ನಲು ಕೂತವರು, ತಟ್ಟೆಯ ಅಂಚಿಗೆ ಒಂದು ಚೂರನ್ನೂ ಎತ್ತಿಡಲಿಲ್ಲ.